ಮುಟ್ಟಿದರೆ ಬದಲಾಗೋ ಸಿಗ್ನಲ್: ರಾಜೇಶ್ವರಿ ಚಟರ್ಜಿ ಕಲಿಸಿದ ವಿದ್ಯೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಗುಡ್ಡ ಹತ್ತಿ, ‘ಸಿಗ್ನಲ್ ಬಂತಾ?’ ಅಂತ ಫೋನ್ ಎತ್ತಿ ಹಿಡಿಯೋದು ಹೊಸದೇನಲ್ಲ. ಆ ಸಿಗ್ನಲ್ ಫೋನಿನ ಚಿಪ್ ಒಳಗೆ ಹೋದ ಮೇಲೆ ಅದನ್ನು ಅಳೆಯೋದು ಹೇಗೆ? ಇವತ್ತಿನ ಸಂಚಿಕೆ ಅದರ ಬಗ್ಗೆ.

1800 ಮೆಗಾಹರ್ಟ್ಸ್ ಅಂದ್ರೆ ಸೆಕೆಂಡಿಗೆ 180 ಕೋಟಿ ಕಂಪನ. ಇಷ್ಟು ವೇಗದಲ್ಲಿ ಅಳೆಯೋ ಸಾಧನ ತಾಗಿಸಿದರೆ ಸಾಕು, ಸಿಗ್ನಲ್ಲೇ ಬದಲಾಗುತ್ತೆ. ದಂಬೆಯಲ್ಲಿ ಬರೋ ಸಣ್ಣ ಅಬ್ಬಿ ನೀರಿಗೆ ಕೊಡ ಒಡ್ಡಿದ ಹಾಗೆ: ಅಳತೆ ಸಿಕ್ಕಿತು, ತೋಟಕ್ಕೆ ಹೋಗೋ ನೀರು ನಿಂತಿತು.

ಈ ಮಟ್ಟದ ಫ್ರೀಕ್ವೆನ್ಸಿಗಳ ವಿದ್ಯೆಯನ್ನು ಬೆಂಗಳೂರಲ್ಲಿ ಬೆಳೆಸಿದವರಲ್ಲಿ ರಾಜೇಶ್ವರಿ ಚಟರ್ಜಿ ಒಬ್ಬರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಅಂತ ಅವರನ್ನು ಗುರುತಿಸ್ತಾರೆ. 1922ರಲ್ಲಿ ಹುಟ್ಟಿದ ಅವರು ಸೆಂಟ್ರಲ್ ಕಾಲೇಜಿನಲ್ಲಿ ಓದಿದ್ದು ಗಣಿತ. 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. 1947ರಲ್ಲಿ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಹಡಗು ಹತ್ತಿ ಅಮೆರಿಕದ ಮಿಷಿಗನ್‌ಗೆ ಹೋದರು. ಅಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, 1949ರಲ್ಲಿ ವಾಷಿಂಗ್ಟನ್‌ನ ನ್ಯಾಷನಲ್ ಬ್ಯೂರೋ ಆಫ್ ಸ್ಟಾಂಡರ್ಡ್ಸ್‌ನಲ್ಲಿ ಎಂಟು ತಿಂಗಳು ಕಲಿತದ್ದು ರೇಡಿಯೊ ಫ್ರೀಕ್ವೆನ್ಸಿಯ ಅಳತೆಯನ್ನೇ.

1953ರಲ್ಲಿ ಡಾಕ್ಟರೇಟ್ ಪಡೆದು ವಾಪಸ್ ಬಂದು ವಿಜ್ಞಾನ ಸಂಸ್ಥೆಯಲ್ಲೇ ಅಧ್ಯಾಪಕಿಯಾದರು. ಪತಿ ಶಿಶಿರ್ ಕುಮಾರ್ ಚಟರ್ಜಿ ಜೊತೆ ಮೈಕ್ರೋವೇವ್ ಸಂಶೋಧನೆಗೆ ಪ್ರಯೋಗಾಲಯ ಕಟ್ಟಿದರು. 1982ರಲ್ಲಿ ನಿವೃತ್ತರಾಗೋ ಹೊತ್ತಿಗೆ ಅವರ ಕೈಕೆಳಗೆ 20 ಮಂದಿ ಪಿಎಚ್‌ಡಿ ಮಾಡಿದ್ದರು.

ಅವರ ಕೆಲಸ ಆಂಟೆನಾ, ಮೈಕ್ರೋವೇವ್‌ಗಳದ್ದು, ಚಿಪ್‌ನದ್ದಲ್ಲ. ಆದ್ರೆ ಚಿಪ್‌ಗೂ ಬೇಕಾಗೋದು ಅವರಲ್ಲಿದ್ದ ಅದೇ ಜೋಡಿ: ಗಣಿತ ಮತ್ತು ಅಳತೆ. ಚಿಪ್ ಒಳಗಿನ ಒಂದೊಂದು ತಂತಿಯನ್ನೂ ಮುಟ್ಟಿ ನೋಡೋಕಾಗಲ್ಲ, ಹಾಗಾಗಿ ಮೊದಲು ಕಂಪ್ಯೂಟರಿನಲ್ಲಿ ಲೆಕ್ಕ ಹಾಕ್ತಾರೆ. 1973ರಲ್ಲಿ ಬರ್ಕ್ಲಿಯ ಲಾರೆನ್ಸ್ ನೇಗಲ್ ಮತ್ತು ಅವರ ಗುರು ಡೊನಾಲ್ಡ್ ಪೆಡರ್ಸನ್ ಹೊರತಂದ ‘ಸ್ಪೈಸ್’ ಅನ್ನೋ ಪ್ರೋಗ್ರಾಂ ಇದಕ್ಕೆ ದಾರಿ ಮಾಡಿತು. ಆಮೇಲೆ ನಿಜವಾದ ಚಿಪ್ ಅಳೆದು ಲೆಕ್ಕ ಸರಿಯಾ ಅಂತ ನೋಡ್ತಾರೆ. ಅಳತೆಗೆ ಅಂತ ಹಾಕಿದ ಲೋಹದ ಪಟ್ಟಿಗಳೂ ಸಿಗ್ನಲ್ ಕೆಡಿಸ್ತವೆ, ಅಲ್ವಾ? ಅದಕ್ಕೆ ಟ್ರಾನ್ಸಿಸ್ಟರ್ ಇಲ್ಲದ ಖಾಲಿ ಜಾಗವೊಂದರಲ್ಲೂ ಅಂಥದ್ದೇ ಪಟ್ಟಿಗಳನ್ನಿಟ್ಟು ಅಳೆದು, ಅವುಗಳ ಪ್ರಭಾವವನ್ನು ಕಳೀತಾರೆ. ಮಂಡಿಯಲ್ಲಿ ಅಡಿಕೆ ತೂಗಿ ಖಾಲಿ ಚೀಲದ ತೂಕ ಕಳೆಯೋ ಹಾಗೆ.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. ನಮ್ಮ ಚಿಪ್ ವಿನ್ಯಾಸದ ಕಥೆಯನ್ನು ಅಲ್ಲಿಂದ ಶುರು ಮಾಡೋದು ವಾಡಿಕೆ. ಅದಕ್ಕೂ 30 ವರ್ಷ ಮುಂಚೆಯೇ ಅದೇ ಊರಿನಲ್ಲಿ, ಸರ್ಕಾರದ ದುಡ್ಡಲ್ಲಿ ಓದಿ ಬಂದ ಒಬ್ಬ ಹೆಣ್ಣುಮಗಳು ಈ ವಿದ್ಯೆಯ ಮೂಲಪಾಠ ಹೇಳಿಕೊಡ್ತಿದ್ದರು. ಆ ತರಗತಿಗಳನ್ನೂ ಈ ಕಥೆಗೆ ಸೇರಿಸಿಕೊಳ್ಳಬೇಕು. ಮುಂದಿನ ಸಂಚಿಕೆಯಲ್ಲಿ ಸಿಗೋಣ.