ಕಂಸಾಳೆ, ಕರಡಿಗೆ ಮತ್ತು ತಾಳವಾಡಿ ಮಲೆ

ಈರೋಡಿನಿಂದ ತಾಳವಾಡಿಗೆ ಬರುವವರು ಸತ್ಯಮಂಗಲವನ್ನು ದಾಟಿ, ಬಣ್ಣಾರಿ ಅಮ್ಮನಿಗೆ ಕೈಮುಗಿದು, ದಿಂಬಂ ಘಟ್ಟದ 27 ತಿರುವುಗಳನ್ನು ಏರಬೇಕು. ಚಾಮರಾಜನಗರದ ಕಡೆಯಿಂದ ಬರುವವರಿಗೆ ಏರಬೇಕಾದ ಘಟ್ಟವೇ ಇಲ್ಲ. ಹೊಲಗಳ ನಡುವಿನ ನೆಲ ನಮ್ಮ ಊರುಗಳವರೆಗೂ ಹಾಗೆಯೇ ಹರಿದು ಬಂದಿದೆ. ನಮ್ಮ ಸೀಮೆಯ ಚರಿತ್ರೆಯನ್ನು ಈ ಎರಡು ದಾರಿಗಳೇ ಬಹುಮಟ್ಟಿಗೆ ಹೇಳುತ್ತವೆ. ಸರಕಾರದ ಕಾಗದ ಘಟ್ಟದ ಕೆಳಗಿನಿಂದ ಬಂದಿತು. ಮಾತು, ಮದುವೆ, ಮಠ, ಸಂತೆಗಳ ನಂಟು ಬಯಲಿನ ಕಡೆಗೆ ಬೆಳೆಯಿತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ, ಅದುವರೆಗೆ ಮೈಸೂರಿನ ಕೈಯಲ್ಲಿದ್ದ ಕೊಯಮತ್ತೂರು ಸೀಮೆ ಕಂಪನಿಯ ಪಾಲಾಯಿತು. ಮುಂದೆ ಕೊಳ್ಳೇಗಾಲವೂ ತಾಳವಾಡಿಯೂ ಕೊಯಮತ್ತೂರು ಜಿಲ್ಲೆಯಲ್ಲಿಯೇ ಉಳಿದುವು. ಅಂದರೆ ಕೊಳ್ಳೇಗಾಲ ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟವೂ ನಮ್ಮ ಊರುಗಳೂ ಒಂದೇ ಜಿಲ್ಲೆಯವಾಗಿದ್ದುವು. ಇಂದಿನ ನಮ್ಮ ಮಕ್ಕಳಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. 1956ರ ನವೆಂಬರ್ 1ರಂದು ಕೊಳ್ಳೇಗಾಲ ತಾಲ್ಲೂಕು ಬೆಟ್ಟದ ಸಮೇತ ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿ ಮದರಾಸು ರಾಜ್ಯದಲ್ಲಿ ನಿಂತಿತು. ಮಾದಪ್ಪ ಅತ್ತ, ಒಕ್ಕಲು ಇತ್ತ. ಅದೇ ವರ್ಷ ಮದರಾಸು ರಾಜ್ಯ ತಮಿಳನ್ನು ಆಡಳಿತ ಭಾಷೆಯಾಗಿಸುವ ಕಾಯಿದೆಯನ್ನೂ ಮಾಡಿತು. 1979ರಲ್ಲಿ ಜಿಲ್ಲೆ ಒಡೆದು ಈರೋಡು ನಮ್ಮ ಜಿಲ್ಲಾ ಕೇಂದ್ರವಾಯಿತು.

ಹೀಗೆ ಕಾಗದದ ಮೇಲೆ ನಮ್ಮ ಗುರುತು ಹಲವು ಬಾರಿ ತಿದ್ದಿಸಿಕೊಂಡಿದೆ. ತಿದ್ದದೆ ಉಳಿದ ಗುರುತು ಮನೆಯೊಳಗಿನ ಕೆಲವು ವಸ್ತುಗಳಲ್ಲಿದೆ. ಅವುಗಳಲ್ಲಿ ಮೊದಲು ನೆನೆಯಬೇಕಾದುದು ಕಂಸಾಳೆ.

ಕಂಸಾಳೆಯೆಂದರೆ ಕಂಚಿನ ಜೋಡಿ ತಾಳ. ಎಡಗೈಯಲ್ಲಿ ಬಟ್ಟಲಿನಂಥ ತಾಳ. ಬಲಗೈಯಲ್ಲಿ ಕುಚ್ಚುಳ್ಳ ದಾರಕ್ಕೆ ಕಟ್ಟಿದ ಚಪ್ಪಟೆಯ ತಾಳ. ಅದನ್ನು ಬೀಸಿ, ತೂಗಿ, ಬಟ್ಟಲಿಗೆ ತಾಗಿಸಿದಾಗ ಹುಟ್ಟುವ ನಾದದ ಮೇಲೆ ಮಾದಪ್ಪನ ಕಥೆ ಸಾಗುತ್ತದೆ. ಇದನ್ನು ಅಂಗಡಿಯಲ್ಲಿ ಕೊಳ್ಳಬಹುದು, ನಿಜ; ಆದರೆ ಕೊಂಡವನು ದೇವರಗುಡ್ಡನಾಗುವುದಿಲ್ಲ. ಗುರುವಿನಿಂದ ದೀಕ್ಷೆ ಪಡೆದು, ಜೋಳಿಗೆ, ಬೆತ್ತ, ರುದ್ರಾಕ್ಷಿಗಳೊಡನೆ ಅದನ್ನು ಕೈಗೆ ತೆಗೆದುಕೊಳ್ಳಬೇಕು, ಭಿಕ್ಷಕ್ಕೆ ಹೊರಡಬೇಕು. ಹೊಲ ಮನೆಯುಳ್ಳವನೂ ಆ ದಿನ ಬೇಡುವವನೇ. ‘ಗುಡ್ಡ’ನೆಂದರೆ ಶಿಷ್ಯ. ಅವನು ಹಾಡುವ ‘ಎಪ್ಪತ್ತೇಳು ಮಲೆ’ಗಳ ಲೆಕ್ಕದಲ್ಲಿ ರಾಜ್ಯಗಳ ಗಡಿ ಬರುವುದಿಲ್ಲ. ಬೆಟ್ಟಕ್ಕೆ ತಮಿಳು ಒಕ್ಕಲೂ ಅಪಾರವಾಗಿ ಬರುತ್ತಾರೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ನ್ಯಾಯ. ಮಾದಪ್ಪನನ್ನು ಭಾಷೆಯ ಜಗಳಕ್ಕೆ ಎಳೆಯುವುದು ನಮಗೆ ಸಮ್ಮತವಲ್ಲ. ಆದರೂ ಕಂಸಾಳೆಯ ಕಥೆ ಕನ್ನಡದ್ದು. ಸೋಲಿಗರ ಸಂಕವ್ವನ ಪಾಡನ್ನು ಅದು ಕನ್ನಡದಲ್ಲಿಯೇ ಹಾಡುತ್ತದೆ. ಮಂಟೇಸ್ವಾಮಿಯ ಪರಂಪರೆಯ ನೀಲಗಾರರ ತಂಬೂರಿಗೂ ಇದೇ ಮಾತು ಸಲ್ಲುತ್ತದೆ.

ಎರಡನೆಯದು ಕರಡಿಗೆ. ಇಷ್ಟಲಿಂಗವನ್ನಿಟ್ಟು ಶಿವದಾರದಲ್ಲಿ ಧರಿಸುವ ಈ ಬೆಳ್ಳಿಯ ಸಂಪುಟ ನಮ್ಮ ಅನೇಕ ಲಿಂಗಾಯತ ಮನೆಗಳಲ್ಲಿ ಎರಡು ಮೂರು ತಲೆಮಾರು ಕಂಡಿದೆ. ಲಿಂಗವು ಧರಿಸಿದವರೊಡನೆ ಮಣ್ಣು ಸೇರುತ್ತದೆ. ಕರಡಿಗೆ ಮಾತ್ರ ಮನೆಯಲ್ಲಿ ಉಳಿಯುವುದುಂಟು. ಅಂಚು ಸವೆದ ಬೆಳ್ಳಿಯನ್ನು ಬೆರಳಿನಿಂದ ತಡವಿದರೆ ಅಜ್ಜಿಯ ಬೆರಳು ನೆನಪಾಗುತ್ತದೆ. ಲಿಂಗಧಾರಣೆಗೆ ನಮ್ಮವರು ನೆನೆಯುವ ಮಠಗಳು, ಬೆಟ್ಟದ ಸಾಲೂರು ಮಠವಾಗಲಿ, ನಂಜನಗೂಡು ತಾಲ್ಲೂಕಿನ ಸುತ್ತೂರು ಮಠವಾಗಲಿ, ಗಡಿಯಾಚೆಗೇ ಇವೆ.

ಹಿತ್ತಾಳೆಯ ಸೇರನ್ನೂ ಇಲ್ಲಿ ನೆನೆಯಬಹುದು. ಸಂಸತ್ತು ತೂಕ ಅಳತೆಗಳ ಕಾಯಿದೆ ಮಾಡಿದ್ದೂ 1956ರಲ್ಲಿಯೇ. ಜಿಲ್ಲೆಯ ಜೊತೆಗೆ ಸೇರೂ ಕಾಗದದಿಂದ ಹೊರಬಿತ್ತು. ನಮ್ಮ ಅಡುಗೆಮನೆಯಲ್ಲಿ ಮಾತ್ರ ರಾಗಿಗೆ ಅದೇ ಅಳತೆ.

ಈಗ ನಮ್ಮನ್ನು ಕಾಡುವ ವಿಷಯಕ್ಕೆ ಬರೋಣ. ವಸ್ತು ಉಳಿದಿದೆಯೆಂದ ಮಾತ್ರಕ್ಕೆ ಗುರುತು ಉಳಿಯಿತೆನ್ನಲಾಗದು. 2006ರ ತಮಿಳು ಕಲಿಕೆಯ ಕಾಯಿದೆಯಂತೆ, 2006-07ರಲ್ಲಿ ಒಂದನೆಯ ತರಗತಿಯಿಂದ ಆರಂಭಿಸಿ ವರ್ಷಕ್ಕೊಂದು ತರಗತಿಯಂತೆ ತಮಿಳು ಕಡ್ಡಾಯ ಪಾಠವಾಯಿತು. ಬದುಕುವ ನೆಲದ ಭಾಷೆಯನ್ನು ಕಲಿಯುವುದರಲ್ಲಿ ನಮಗೆ ತಕರಾರಿಲ್ಲ. ತಮಿಳು ನಮ್ಮ ಸಂತೆಯ ಭಾಷೆಯೂ ಹೌದು. ಮನೆಮಾತಿನ ಅಕ್ಷರವೇ ತಪ್ಪಿಹೋಗುತ್ತಿರುವುದು ನಮ್ಮ ಸಂಕಟ. ಇದರಲ್ಲಿ ನಮ್ಮ ಪಾಲೂ ಇದೆ. ಸಂಘದ ಸಮಾರಂಭಗಳಲ್ಲಿ ಕಂಸಾಳೆಯನ್ನು ವೇದಿಕೆಯ ಅಲಂಕಾರವಾಗಿ ತೂಗುಹಾಕಿದೆವು; ಹತ್ತು ನಿಮಿಷದ ಕುಣಿತಕ್ಕೆ ಚಪ್ಪಾಳೆ ತಟ್ಟಿದೆವು; ರಾತ್ರಿಯಿಡೀ ನಡೆಯುವ ಕಥೆಗೆ ಕುಳಿತವರು ಎಷ್ಟು ಮಂದಿ?

ನಮ್ಮ ಬಂಧುಗಳ ಮನೆಯೊಂದರಲ್ಲಿ ಹಿರಿಯರು ತೀರಿಕೊಂಡ ಮೇಲೆ ಅವರ ಕಂಸಾಳೆ ಬಹುಕಾಲ ಗೋಡೆಯ ಮೊಳೆಯಲ್ಲಿತ್ತು. ಕಳೆದ ಶಿವರಾತ್ರಿಯ ಜಾತ್ರೆಗೆ ಮುಂಚೆ ಅವರ ಮೊಮ್ಮಗ ಅದನ್ನು ಇಳಿಸಿ, ಹುಣಿಸೆಹುಳಿ ಹಾಕಿ ತಿಕ್ಕಿ, ಕೊಳೆತ ದಾರ ತೆಗೆದು ಹೊಸ ಕುಚ್ಚು ಕಟ್ಟಿದ. ಹುಡುಗನಿಗೆ ಕನ್ನಡ ಓದಲು ಬಾರದು. ನೆರೆಯ ದೇವರಗುಡ್ಡರ ಬಳಿ ಕುಳಿತು, ಕಥೆಯ ಸಾಲುಗಳನ್ನು ಶಾಲೆಯ ನೋಟ್‌ಬುಕ್ಕಿನಲ್ಲಿ ತಮಿಳು ಲಿಪಿಯಲ್ಲಿ ಬರೆದುಕೊಳ್ಳತೊಡಗಿದ. ಆ ಲಿಪಿಯಲ್ಲಿ ಕಕಾರ ಗಕಾರಗಳಿಗೆ ಒಂದೇ ಅಕ್ಷರ. ಮರುದಿನ ಓದುವಾಗ ‘ಗುಡ್ಡ’ ಎಂಬುದು ‘ಕುಟ್ಟ’ ಎಂದಾಯಿತು. ಗುಡ್ಡರು ನಗಲಿಲ್ಲ; ಬಟ್ಟಲನ್ನು ಒಮ್ಮೆ ಮೀಟಿ, ಪದವನ್ನು ಸರಿಯಾಗಿ ಹೇಳಿಕೊಟ್ಟರು. ಹುಡುಗ ಆ ಅಕ್ಷರದ ಕೆಳಗೆ ಕೆಂಪು ಶಾಯಿಯಲ್ಲಿ ಒಂದು ಚುಕ್ಕೆಯಿಟ್ಟು ಮುಂದಿನ ಸಾಲಿಗೆ ಹೋದ.