ಗ್ನೂಕ್ಯಾಶ್ ತಂತ್ರಾಂಶದಲ್ಲಿ ಕರೆನ್ಸಿ ಹೊಂದಿಕೆ

ಗ್ನೂಕ್ಯಾಶ್ ಮನೆಯ ಮತ್ತು ಸಣ್ಣ ವ್ಯಾಪಾರದ ಲೆಕ್ಕ ಬರೆದಿಡುವ ಮುಕ್ತ ತಂತ್ರಾಂಶ. ಇದರ ಮೊದಲ ಆವೃತ್ತಿ ಹೊರಬಂದದ್ದು 1998ರಲ್ಲಿ. ದ್ವಿನಮೂದು ಪದ್ಧತಿಯ ಈ ತಂತ್ರಾಂಶದಲ್ಲಿ ಇಡೀ ಕಡತಕ್ಕೆ ಒಂದೇ ಕರೆನ್ಸಿ ಎಂಬ ಕಟ್ಟುಪಾಡಿಲ್ಲ. ಪ್ರತಿ ಖಾತೆಗೂ ಅದರದೇ ಕರೆನ್ಸಿ ಇರುತ್ತದೆ.

ಆದ್ಯತೆಗಳ ಪುಟದಲ್ಲಿ ಕರೆನ್ಸಿಯ ಆಯ್ಕೆ ಎರಡು ಕಡೆ ಬರುತ್ತದೆ: ಒಂದು ಹೊಸದಾಗಿ ತೆರೆಯುವ ಖಾತೆಗಳಿಗೆ, ಇನ್ನೊಂದು ವರದಿಗಳಿಗೆ. ಇವನ್ನು ಬದಲಿಸಿದರೆ ಹಳೆಯ ಖಾತೆಗಳ ಮೊತ್ತ ಪರಿವರ್ತನೆ ಆಗುವುದಿಲ್ಲ. ಗೊಂದಲ ಹುಟ್ಟುವುದು ಹೆಚ್ಚಾಗಿ ಇಲ್ಲೇ. ಬಳಕೆದಾರರು ಏನೂ ಆರಿಸದಿದ್ದರೆ ಗಣಕದ ಪ್ರಾದೇಶಿಕ ಹೊಂದಿಕೆಯಲ್ಲಿರುವ ಕರೆನ್ಸಿಯೇ ಬರುತ್ತದೆ. ಅಲ್ಲಿ ಅಮೆರಿಕ ಎಂದಿದ್ದರೆ ಬೆಂಗಳೂರಿನ ಮನೆಖರ್ಚೂ ಡಾಲರಿನಲ್ಲಿ ಕಾಣುತ್ತದೆ.

ಕರೆನ್ಸಿಗಳನ್ನು ಐಎಸ್‌ಒ 4217 ಮಾನದಂಡದ ಮೂರಕ್ಷರದ ಸಂಕೇತಗಳಿಂದ ಗುರುತಿಸಲಾಗುತ್ತದೆ. ಭಾರತದ ರೂಪಾಯಿ ಐಎನ್‌ಆರ್, ಯುಎಇ ದಿರ್ಹಮ್ ಎಇಡಿ. ದಶಮಾಂಶ ಸ್ಥಾನಗಳೂ ಇದೇ ಮಾನದಂಡದಿಂದ ಬರುತ್ತವೆ: ರೂಪಾಯಿಗೆ ಎರಡು, ಸಾವಿರ ಫಿಲ್ಸ್‌ಗಳ ಕುವೈತ್ ದಿನಾರ್‌ಗೆ ಮೂರು, ಜಪಾನಿನ ಯೆನ್‌ಗೆ ಒಂದೂ ಇಲ್ಲ.

ದುಬೈನಲ್ಲಿ ದುಡಿದು ಮಂಗಳೂರಿಗೆ ಹಣ ಕಳಿಸುವವರ ಲೆಕ್ಕವನ್ನೇ ನೋಡೋಣ. ಸಂಬಳದ ಖಾತೆ ದಿರ್ಹಮ್‌ನದು. ಊರಿನ ಬ್ಯಾಂಕಿನ ಎನ್‌ಆರ್‌ಇ ಖಾತೆಯನ್ನು ಮಾತ್ರ ರೂಪಾಯಿ ಎಂದೇ ತೆರೆಯಬೇಕು, ಏಕೆಂದರೆ ಅದರಲ್ಲಿ ಹಣ ಇರುವುದು ರೂಪಾಯಿಯಲ್ಲಿ; ವಿದೇಶಿ ಕರೆನ್ಸಿಯಾಗಿಯೇ ಉಳಿಯುವುದು ಎಫ್‌ಸಿಎನ್‌ಆರ್ ಠೇವಣಿ. 1,000 ದಿರ್ಹಮ್ ಕಳಿಸಿ ಇಲ್ಲಿ 22,500 ರೂಪಾಯಿ ಜಮೆಯಾಯಿತು ಎನ್ನಿ. ನಮೂದು ಮಾಡುವಾಗ ತಂತ್ರಾಂಶ ವಿನಿಮಯ ದರವನ್ನೋ ಜಮೆಯಾದ ಮೊತ್ತವನ್ನೋ ಕೇಳುತ್ತದೆ. ಪಾಸ್‌ಬುಕ್ಕಿನ ಮೊತ್ತವನ್ನು ಕೊಡುವುದೇ ಸರಿ, 22.50 ಎಂಬ ದರವನ್ನು ತಂತ್ರಾಂಶವೇ ಲೆಕ್ಕ ಹಾಕಿಕೊಳ್ಳುತ್ತದೆ. ಪತ್ರಿಕೆಯಲ್ಲಿ ಕಂಡ ದರ ಹಾಕಿದರೆ, ಹಣ ರವಾನಿಸುವವರು ಕೊಡುವ ದರ ಬೇರೆ ಇರುವುದರಿಂದ, ಬ್ಯಾಂಕಿನ ಬಾಕಿಗೂ ನಮ್ಮ ಬಾಕಿಗೂ ತಾಳೆಯಾಗದು. ನಮೂದಿನಲ್ಲಿ ಎರಡೂ ಮೊತ್ತಗಳು ಉಳಿಯುತ್ತವೆ. ಮುಂದೆ ದರ ಏರಿದರೂ ಇಳಿದರೂ ಅವು ಕದಲುವುದಿಲ್ಲ.

ಏರಿಳಿತ ತೋರುವುದು ವರದಿಗಳಲ್ಲಿ. ಒಟ್ಟು ಆಸ್ತಿಯನ್ನು ರೂಪಾಯಿಯಲ್ಲಿ ಹೇಳಲು ಗ್ನೂಕ್ಯಾಶ್ ಪ್ರತ್ಯೇಕ ದರಪಟ್ಟಿಯೊಂದನ್ನು ಇಟ್ಟುಕೊಂಡಿದೆ. ದರಗಳನ್ನು ಕೈಯಾರೆ ತುಂಬಬಹುದು, ಫೈನಾನ್ಸ್ ಕೋಟ್ ಎಂಬ ಸಹಾಯಕ ತಂತ್ರಾಂಶದ ಮೂಲಕ ಅಂತರ್ಜಾಲದಿಂದಲೂ ತರಿಸಬಹುದು. ದರ ಹಳೆಯದಾದರೆ ವರದಿಯ ಮೊತ್ತವೂ ಹಳೆಯ ದರದ್ದೇ.

ದಿರ್ಹಮ್ ಖಾತೆಯನ್ನು ತಪ್ಪಿ ರೂಪಾಯಿ ಎಂದು ತೆರೆದಿದ್ದರೆ 5,000 ದಿರ್ಹಮ್ 5,000 ರೂಪಾಯಿಯಾಗಿ ಒಟ್ಟು ಮೊತ್ತಕ್ಕೆ ಸೇರುತ್ತದೆ. ಆಗ ಸರಿಯಾದ ಕರೆನ್ಸಿಯ ಹೊಸ ಖಾತೆ ತೆರೆದು, ನಮೂದುಗಳನ್ನು ಮತ್ತೆ ಬರೆಯುವುದೇ ಸುರಕ್ಷಿತ ದಾರಿ.

ವಿನಿಮಯದ ಲಾಭ-ನಷ್ಟ ಬೇರೆಯಾಗಿ ಕಾಣಬೇಕೆನ್ನುವವರಿಗೆ ಕಡತದ ಗುಣಲಕ್ಷಣಗಳಲ್ಲಿ ವಹಿವಾಟು ಖಾತೆಗಳ ಆಯ್ಕೆಯಿದೆ. ಅದನ್ನು ಆರಿಸಿದ ಬಳಿಕ ಎರಡು ಕರೆನ್ಸಿ ಬೆರೆತ ಪ್ರತಿ ನಮೂದಿಗೂ ತಂತ್ರಾಂಶ ತಾನೇ ಹೆಚ್ಚುವರಿ ಸಾಲುಗಳನ್ನು ಸೇರಿಸಿ, ಪ್ರತಿ ಕರೆನ್ಸಿಯ ಜಮೆ-ಖರ್ಚನ್ನೂ ಬೇರೆ ಬೇರೆಯಾಗಿ ಸರಿದೂಗಿಸುತ್ತದೆ.