ನಂಜನಗೂಡಿನ ಹುಡುಗಿಯ ಗಣಿತ

ಬೆಳಗಾವಿಯಿಂದ ಖಾನಾಪುರದ ಕಡೆ ಹೊರಟರೆ ಮಚ್ಛೆ ಸಿಗುತ್ತದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ‘ಜ್ಞಾನ ಸಂಗಮ’ ಇರುವುದು ಇಲ್ಲಿಯೇ. 1998ರಲ್ಲಿ ಹುಟ್ಟಿದ ಈ ವಿಶ್ವವಿದ್ಯಾಲಯದಿಂದ ನಾಡಿನ ಸಾವಿರಾರು ಹುಡುಗಿಯರು ಇಂಜಿನಿಯರುಗಳಾಗಿ ಹೊರಬಂದಿದ್ದಾರೆ. ಆದರೆ ಈ ದಾರಿಯನ್ನು ಮೊದಲು ತುಳಿದ ಕನ್ನಡತಿಯ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಅವರು ರಾಜೇಶ್ವರಿ ಚಟರ್ಜಿ. 1922ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದರು. ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ವಿಧವೆಯರ, ಗಂಡ ತೊರೆದ ಹೆಂಗಸರ ಓದಿಗಾಗಿ ದುಡಿದವರು. ಅಂಥ ಮನೆಯ ಮೊಮ್ಮಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಆರಿಸಿಕೊಂಡಾಗ ಮನೆಯವರು ಅಡ್ಡ ಬರಲಿಲ್ಲ. ಬಿ.ಎಸ್ಸಿ. ಆನರ್ಸ್, ಎಂ.ಎಸ್ಸಿ. ಎರಡೂ ಗಣಿತದಲ್ಲಿಯೇ.

1943ರಲ್ಲಿ ಅವರು ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಅದಕ್ಕೆ ಕೇವಲ ಹತ್ತು ವರ್ಷ ಹಿಂದೆ, 1933ರಲ್ಲಿ, ಇದೇ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರು ಹೆಣ್ಣೆಂಬ ಕಾರಣಕ್ಕೆ ಕಮಲಾ ಸೊಹೋನಿಯವರಿಗೆ ಪ್ರವೇಶ ನಿರಾಕರಿಸಿದ್ದರು. ಕೊನೆಗೆ ಷರತ್ತು ಹಾಕಿ ಸೇರಿಸಿಕೊಂಡಿದ್ದರು. ಬಾಗಿಲು ಆಗಷ್ಟೇ ಬಿರುಕು ಬಿಟ್ಟಿತ್ತು.

ಸರಕಾರದ ವಿದ್ಯಾರ್ಥಿವೇತನ ಪಡೆದು 1947ರಲ್ಲಿ ಹಡಗೇರಿ ಅಮೆರಿಕಕ್ಕೆ ಹೋದರು. ಮಿಶಿಗನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು 1953ರಲ್ಲಿ ಮರಳಿ ಬಂದು ಅದೇ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಸಹೋದ್ಯೋಗಿ ಶಿಶಿರ್ ಕುಮಾರ್ ಚಟರ್ಜಿಯವರನ್ನು ಮದುವೆಯಾದರು. ಮದುವೆ ಅವರ ಓದನ್ನು ನುಂಗಲಿಲ್ಲ. ದಂಪತಿ ಸೇರಿ ಮೈಕ್ರೋವೇವ್ ಸಂಶೋಧನೆ ಕಟ್ಟಿದರು.

ಗಣಿತವೆಂದರೆ ಬರಿಯ ಕಾಗದದ ಲೆಕ್ಕವೆಂಬ ಭಾವನೆ ನಮ್ಮಲ್ಲಿದೆ. ಆದರೆ ಮೈಕ್ರೋವೇವ್ ಅಲೆ ಲೋಹದ ಕೊಳವೆಯಲ್ಲಿ ಹೇಗೆ ಸಾಗುತ್ತದೆ, ಆಂಟೆನಾದಿಂದ ಯಾವ ದಿಕ್ಕಿಗೆ ಹರಡುತ್ತದೆ ಎಂಬುದನ್ನು ಮ್ಯಾಕ್ಸ್‌ವೆಲ್ ಸಮೀಕರಣಗಳನ್ನು ಬಿಡಿಸಿಯೇ ಕಂಡುಕೊಳ್ಳಬೇಕು. ರಾಡಾರು, ವಿಮಾನ, ಉಪಗ್ರಹಗಳ ಹಿಂದೆ ಈ ಲೆಕ್ಕವಿದೆ. ರಾಜೇಶ್ವರಿಯವರ ಗಣಿತಕ್ಕೆ ಕಸುವು ಸಿಕ್ಕಿದ್ದು ಇಲ್ಲಿ. ಅವರು 20 ಮಂದಿಗೆ ಪಿಎಚ್.ಡಿ. ಮಾರ್ಗದರ್ಶನ ಮಾಡಿದರು, ವಿಭಾಗದ ಮುಖ್ಯಸ್ಥೆಯಾದರು. 1982ರಲ್ಲಿ ನಿವೃತ್ತರಾದ ಬಳಿಕ ಮಹಿಳಾ ಅಧ್ಯಯನದ ಕೆಲಸಕ್ಕೆ ಇಳಿದರು. 2010ರಲ್ಲಿ ತೀರಿಕೊಂಡರು.

2014ರಲ್ಲಿ ತೆಹರಾನಿನಲ್ಲಿ ಬೆಳೆದ ಮರಿಯಮ್ ಮಿರ್ಜಾಖಾನಿ ಫೀಲ್ಡ್ಸ್ ಪದಕ ಪಡೆದ ಮೊದಲ ಮಹಿಳೆಯಾದಾಗ ನಾವೆಲ್ಲ ಹೆಮ್ಮೆಪಟ್ಟೆವು. ಇಲ್ಮ್ ಗಂಡಿಗೂ ಹೆಣ್ಣಿಗೂ ಸಮಾನ ಕರ್ತವ್ಯವೆಂದು ಜಲಸಾಗಳಲ್ಲಿ ಕೇಳುತ್ತಲೇ ಇರುತ್ತೇವೆ. ಆದರೂ ಪಿಯುಸಿಯಲ್ಲಿ ಗಣಿತಕ್ಕೆ ಒಳ್ಳೆಯ ಅಂಕ ತಂದ ಹುಡುಗಿಯ ಮನೆಗೆ ಮೊದಲು ಬರುವುದು ಕಾಲೇಜಿನ ಅರ್ಜಿಯಲ್ಲ, ರಿಶ್ತೆಯ ಮಾತು. ರಾಜೇಶ್ವರಿಯವರ ಬದುಕಿನಲ್ಲಿ ಪ್ರತಿಭೆ ಅವರದು. ಆದರೆ ಆ ಪ್ರತಿಭೆಗೆ ಸಮಯ ಕೊಟ್ಟದ್ದು ಒಬ್ಬ ಅಜ್ಜಿ, ಒಂದು ಮನೆ. ನಮ್ಮ ಹುಡುಗಿಯರ ತಲೆಯಲ್ಲಿ ಗಣಿತಕ್ಕೇನೂ ಬರವಿಲ್ಲ. ಅವರಿಗೆ ಬೇಕಿರುವುದು ಇನ್ನು ನಾಲ್ಕು ವರ್ಷ, ಅಷ್ಟೇ.